ಶುಕ್ರವಾರದ ಕೆಂಡ

೩ ನವೆಂಬರ್ ೧೯೮೨, ಬುಧವಾರ

ಅಬ್ಬಾಗೆ ಲಕ್ವ ಹೊಡೆದು ಇವತ್ತಿಗೆ ಹನ್ನೆರಡು ದಿನ. ಇಷ್ಟು ದಿನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಬೆಳಗ್ಗೆ ಮುಖ ಒರೆಸುತ್ತಿದ್ದಾಗ ಬಲಗಡೆಯ ತುಟಿ ಅಲ್ಲಾಡಿತು. ನನ್ನ ಹೆಸರು ಕರೆಯುತ್ತಾರೆ ಅಂದುಕೊಂಡು ಕಿವಿಯನ್ನು ಹತ್ತಿರ ತಂದೆ. "ಬೆಂಕಿ ನೋಡು" ಅಂದರು.

ಹನ್ನೆರಡು ದಿನ ಹೇಲು ಉಚ್ಚೆ ಬಳಿದವಳು ನಾನು. ನೆನಪಾದದ್ದು ಬೆಂಕಿ! ಸಿಟ್ಟು ನೆತ್ತಿಗೇರಿತು. ಆದರೂ ಮನೆ ಮುಂದಿನ ಅಂಗಡಿಗೆ ಹೋಗಿ, ರಾತ್ರಿ ನಾನೇ ಮುಚ್ಚಿಟ್ಟ ಕೆಂಡ ನೋಡಿ ಬಂದೆ. ಇತ್ತು.

ಯಾರ ಹತ್ತಿರ ಹೇಳಿಕೊಳ್ಳಲಿ? ಶಾಲೆಯಲ್ಲಿ ಮಿಕ್ಕಿದ ಹಳೆಯ ಹಾಜರಿ ಪುಸ್ತಕವೊಂದು ಸಿಕ್ಕಿದೆ, ಅದರಲ್ಲೇ ಬರೆದುಕೊಳ್ಳುತ್ತೇನೆ. ಮನೆಮಾತು ಉರ್ದುವಾದರೂ ಇಪ್ಪತ್ತೇಳು ವರ್ಷ ಗುಬ್ಬಿಯ ಮಕ್ಕಳಿಗೆ ಕನ್ನಡ ತಿದ್ದಿಸಿದ ಕೈ ಇದು, ಬೇರೆ ಅಕ್ಷರ ಓಡುವುದಿಲ್ಲ. ಅನುಕೂಲವೂ ಇದೆ. ತಮ್ಮ ಖುರ್ಷಿದ್ ಪಾಷಾಗೆ ಬಸ್ಸಿನ ಬೋರ್ಡು ಓದಲು ಬರುತ್ತದೆ, ಕೈಬರಹದ ಒತ್ತಕ್ಷರ ಬರುವುದಿಲ್ಲ. ಇಲ್ಲಿ ಅವನನ್ನು ಧಾರಾಳವಾಗಿ ಬೈಯಬಹುದು.

ಬೆಂಕಿಯ ವಿಷಯ. ಅಬ್ಬಾ ಸರ್ದಾರ್ ಪಾಷಾ ಶಿರಾ ಗೇಟಿನಲ್ಲಿ ನಲವತ್ತೆಂಟು ವರ್ಷ ಕುದುರೆಗೂ ಎತ್ತಿಗೂ ಲಾಳ ಕಟ್ಟಿದವರು. ಮನೆಯ ಮುಂದೆಯೇ ಅಂಗಡಿ, ಅಂಗಡಿಯಲ್ಲಿ ಕುಲುಮೆ. ಸಂಜೆಯ ನಮಾಜು ಆದ ಮೇಲೆ ಕುಲುಮೆಯ ಕೆಂಡವನ್ನು ಮೂರು ಪಾಲು ಮಾಡಬೇಕು. ಪಾಲಿಗೂ ಪಾಲಿಗೂ ನಡುವೆ ಒಂದೊಂದು ಬೆರಣಿ ಚೂರು ಇಟ್ಟು, ಮೇಲೆ ಬೂದಿ ಮುಚ್ಚಿ, ಬಿಸ್ಮಿಲ್ಲಾ ಅನ್ನಬೇಕು. ಬೆಳಗ್ಗೆ ಕೆದಕಿದರೆ ಒಳಗೆ ಕೆಂಪಗಿರುತ್ತದೆ. ಇದನ್ನು ಕಲಿಸಿದವರು ಅಬ್ಬಾನ ಅಬ್ಬಾ, ನಮ್ಮ ದಾದಾ. ಮೈಕೆಲ್ ಡೂಲನ್ ಅಂತ ಹೆಸರು. ಐರ್ಲೆಂಡಿನವರು. ದಂಡಿನ ಕುದುರೆಗಳಿಗೆ ಲಾಳ ಕಟ್ಟಲು ಬೆಂಗಳೂರಿಗೆ ಬಂದು, ದಂಡು ಬಿಟ್ಟು, ಕುಣಿಗಲ್ಲಿನ ಕುದುರೆ ಫಾರಂ ಸೇರಿ, ಹಜರಾ ಬೀಯನ್ನು ನಿಕಾಹ್ ಆಗಿ ಮಿಕಾಯಿಲ್ ಸಾಬ್ ಆದರು. ಊರವರು ಕರೆದದ್ದು ಲಾಳದ ದೊರೆ ಎಂದೇ. ಈ ಬೆಂಕಿ ಅವರ ದೇಶದ್ದು, ಒಂದು ದಿನವೂ ಆರಿಲ್ಲ, ಆರಕೂಡದು. ಇದು ನಮ್ಮ ಮನೆಯ ನಂಬಿಕೆ.

ಹಡಗಿನಲ್ಲಿ ಕೆಂಡ ತರಲು ಬಿಟ್ಟರೇ ಎಂದು ಏಳು ವರ್ಷದವಳಿದ್ದಾಗಲೇ ಕೇಳಿದ್ದೆ. "ಸುಮ್ನೆ ಬೂದಿ ಮುಚ್ಚು" ಅಂದಿದ್ದರು ಅಬ್ಬಾ.

ದಾದಾ ನನಗೆ ಬಿಟ್ಟ ಆಸ್ತಿ ಎರಡು. ಒಂದು ಈ ಬೆಂಕಿ, ಇನ್ನೊಂದು ಈ ಬೆಕ್ಕಿನ ಕಣ್ಣು. ನೋಡಲು ಬಂದ ನಾಲ್ಕು ಗಂಡಿನ ಕಡೆಯವರೂ ಕಣ್ಣು ನೋಡಿ ಚಹಾ ಕುಡಿದು ಎದ್ದು ಹೋದರು. ನಲವತ್ತೆಂಟಾಯಿತು, ಇನ್ನು ಅದರ ಮಾತೇಕೆ.

೭ ನವೆಂಬರ್, ಭಾನುವಾರ

ಖುರ್ಷಿದ್ ಕುಣಿಗಲ್‌ನಿಂದ ಬಂದಿದ್ದ. ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದಾನೆ. ಅರ್ಧ ಡಜನ್ ಬಾಳೆಹಣ್ಣು ತಂದು, ಅಬ್ಬಾನ ಕಾಲು ಒತ್ತಿ, ಸುತ್ತಿ ಬಳಸಿ ಮಾತು ತೆಗೆದ. ಯಾವತ್ತೂ ಅಡ್ಡಗೋಡೆ ಮೇಲೆ ದೀಪ ಇಡುವವನೇ.

"ಆಪಾ, ಜಟಕಾ ಎಲ್ಲಿವೆ ಈಗ? ಎಲ್ಲಾ ಆಟೋ. ಅಂಗಡೀನ ಟೈರ್‌ನೋರು ಕೇಳ್ತಾವ್ರೆ. ಅಬ್ಬಾನ ನಾನು ಕುಣಿಗಲ್‌ಗೆ ಕರ್ಕೊಂಡೋಗ್ತೀನಿ. ನೀನು ಗುಬ್ಬೀಲೇ ರೂಮು ಮಾಡ್ಕೋ. ದಿನಾ ಈ ಬಸ್ಸಿನ ಓಡಾಟ ತಪ್ಪುತ್ತೆ."

"ಬೆಂಕಿ?"

"ಬೆಂಕಿಪೊಟ್ಣ ಎಲ್ಲಾ ಊರಲ್ಲೂ ಸಿಗುತ್ತೆ ಆಪಾ."

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ನಾನೂ ಒಳಗೊಳಗೆ ಅದನ್ನೇ ಅಂದುಕೊಂಡವಳು. ಆದರೆ ಅಬ್ಬಾ ಗೋಡೆ ಕಡೆ ಮುಖ ತಿರುಗಿಸಿದ್ದು ನೋಡಿ, ಅವರು ಇರುವ ತನಕ ಕುಲುಮೆ ಹಾಗೇ ಇರಲಿ ಅಂದೆ. "ನೀನೇ ನೋಡ್ಕೋಬೇಕು ಮತ್ತೆ" ಅಂದ. ನೋಡಿಕೊಳ್ಳುತ್ತೇನೆ. ಯಾರನ್ನು ಕೇಳಿದ್ದೇನೆ ಇದುವರೆಗೆ?

೧೯ ನವೆಂಬರ್, ಶುಕ್ರವಾರ

ಐದಕ್ಕೆ ಏಳುವುದು, ಬೂದಿ ಕೆದಕಿ ಇದ್ದಿಲು ಹಾಕುವುದು, ಅಬ್ಬಾನ ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಏಳರ ಬಸ್ಸು. ಐದೂವರೆಗೆ ವಾಪಸು. ಮತ್ತೆ ಅದೇ, ಹಿಂದುಮುಂದಾಗಿ. ಹಗಲೆಲ್ಲ ಪಕ್ಕದ ಮನೆಯ ಕರಿಬಸಮ್ಮ ಗಂಟೆಗೊಮ್ಮೆ ಬಂದು ನೋಡಿ ಹೋಗುತ್ತಾರೆ. ಗಾಡಿಯವರಿಗೆ ಮುದ್ದೆ ಊಟ ಹಾಕುವ ಹೆಂಗಸು. ಅವರ ಸೌದೆ ಒಲೆ ಬೆಳಗಿನಿಂದ ಸಂಜೆವರೆಗೆ ಉರಿಯುತ್ತಲೇ ಇರುತ್ತದೆ, ಆ ಕೆಲಸದ ನಡುವೆಯೂ ಬರುತ್ತಾರೆ. ನಾನು ಕೇಳಿರಲಿಲ್ಲ. ಕೇಳುವವಳೂ ಅಲ್ಲ. ಅವರಾಗಿ ಬಂದರು, ಬೇಡ ಅನ್ನಲಿಲ್ಲ, ಅಷ್ಟೆ. ಒಬ್ಬರ ಹಂಗು ನನಗೆ ಆಗದು.

ಇವತ್ತು ಹೆಡ್‌ಮಾಸ್ಟರ್ ಸದಾಶಿವಯ್ಯನವರು ರೂಮಿಗೆ ಕರೆದರು. ಈ ತಿಂಗಳು ಆರು ದಿನ ಲೇಟು. "ಹಮೀದಾ ಬೇಗಂ ಅವರೇ, ನಿಮ್ಮ ರಜೆ ಎಷ್ಟೊಂದು ಉಳಿದಿದೆ. ಒಂದು ತಿಂಗಳು ಕೇಳಿ, ಕೊಡ್ತೀನಿ" ಅಂದರು.

"ಬೇಡ ಸಾರ್, ನಿಭಾಯಿಸ್ತೀನಿ."

"ಯಾಕೆ ಹೀಗೆ ಹಟ ಮಾಡ್ತೀರಿ?" ಅಂದರು. ಹಟ ಅಂತೆ.

ಸಂಜೆ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ಬಾತಿದೆ.

೨೮ ನವೆಂಬರ್, ಭಾನುವಾರ

ಅಬ್ಬಾನ ನಾಲಗೆ ಸ್ವಲ್ಪ ತಿರುಗುತ್ತಿದೆ. ಗಡ್ಡ ತೆಗೆಯುತ್ತಿದ್ದೆ. ದಾದಾನ ತಾಯಿಯ ಕತೆ ಶುರು ಮಾಡಿದರು. ಚಿಕ್ಕವಳಿದ್ದಾಗ ನೂರು ಸಲ ಕೇಳಿದ್ದೇನೆ. ಸರಿಯಾಗಿ ಕೇಳಿಸಿಕೊಂಡದ್ದು ಇವತ್ತು. ಒಂದೊಂದು ಮಾತಿಗೂ ಅಷ್ಟು ಹೊತ್ತು ಹಿಡಿಯುತ್ತದೆ, ನನಗೂ ಬೇರೆ ದಾರಿ ಇರಲಿಲ್ಲ.

ಆಕೆ ಹತ್ತು ವರ್ಷದವಳಿದ್ದಾಗ ಆ ದೇಶದಲ್ಲಿ ಆಲೂಗೆಡ್ಡೆ ನೆಲದೊಳಗೇ ಕೊಳೆತು ಹೋಯಿತು. ನಮಗೆ ರಾಗಿ ಹೇಗೋ ಅವರಿಗೆ ಆಲೂಗೆಡ್ಡೆ. ಒಂದು ವರ್ಷವಲ್ಲ, ವರ್ಷದ ಮೇಲೆ ವರ್ಷ. ಜನ ಹುಲ್ಲು ತಿಂದು ದಾರಿಯಲ್ಲಿ ಬಿದ್ದರು. ಆಕೆಯ ಮೂವರು ಅಣ್ಣಂದಿರು ಅಮೆರಿಕಾದ ಹಡಗು ಹತ್ತಿದರು. ಒಬ್ಬನ ಕಾಗದ ಬಂತು. ಇಬ್ಬರದು ಬರಲಿಲ್ಲ.

"ಒಲೆ ತಣ್ಣಗಾಯ್ತು ಅಂದ್ರೆ ಆ ಮನೆಯೋರು ಹಡಗು ಹತ್ತಿದ್ರು ಅಂತ ಅರ್ಥ" ಅಂದರು ಅಬ್ಬಾ. ಹೊರಡುವ ದಿನ ತಮ್ಮ ಒಲೆಯ ಕೆಂಡವನ್ನು ತೆಗೆದು ಪಕ್ಕದ ಮನೆಯ ಒಲೆಗೆ ಹಾಕಿ ಹೋಗುತ್ತಿದ್ದರಂತೆ. ವಾಪಸು ಬಂದಾಗ ಕೇಳಿ ಪಡೆಯುತ್ತೇವೆ ಎಂದು. ಆ ಪಕ್ಕದವರೂ ಹೊರಟರೆ ಅವರ ಪಕ್ಕದವರಿಗೆ. ಕೊನೆಗೆ ಊರಿನಲ್ಲಿ ಉಳಿದದ್ದು ದಾದಾನ ತಾಯಿಯ ಮನೆ ಒಂದೇ. ಅವರ ಒಲೆಯಲ್ಲಿ ಹನ್ನೊಂದು ಮನೆಯ ಬೆಂಕಿ ಇತ್ತಂತೆ. ಯಾರೂ ಬಂದು ಕೇಳಲಿಲ್ಲ. ಕೇಳಿದರೆ ಇರಬೇಕಲ್ಲ ಎಂದು ಆಕೆ ದಿನವೂ ಮೂರು ಪಾಲು ಮಾಡಿ ಬೂದಿ ಮುಚ್ಚಿದಳು. ಅಲ್ಲಿ ಸೌದೆಯೂ ಇಲ್ಲವಂತೆ. ಕೆಸರು ನೆಲವನ್ನೇ ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಉರಿಸುತ್ತಾರಂತೆ. ದಾದಾ ಕುಣಿಗಲ್ಲಿಗೆ ಬಂದ ಮೊದಲ ದಿನ ಬೆರಣಿ ತಟ್ಟಿದ ಗೋಡೆ ನೋಡಿ ನಿಂತುಬಿಟ್ಟರಂತೆ.

ಕತೆ ಚೆನ್ನಾಗಿದೆ. ಸೋಪು ಒಣಗಿ ಅಬ್ಬಾನ ಅರ್ಧ ಗಡ್ಡ ಹಾಗೇ ಉಳಿಯಿತು. ಮತ್ತೆ ನೀರು ಕಾಯಿಸಬೇಕಾಯಿತು.

೧೦ ಡಿಸೆಂಬರ್, ಶುಕ್ರವಾರ

ಆರಿಹೋಯಿತು.

ನಿನ್ನೆ ಇನ್‌ಸ್ಪೆಕ್ಷನ್. ವಾಪಸು ಬರುವಾಗ ಮಲ್ಲಸಂದ್ರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಮನೆ ಸೇರಿದಾಗ ಮೈ ಕಾದ ಹೆಂಚು, ಜ್ವರ. ಅಬ್ಬಾಗೆ ಗಂಜಿ ಕುಡಿಸಿ, ಐದು ನಿಮಿಷ ಅಂತ ಗೋಡೆಗೆ ಒರಗಿದೆ. ಕಣ್ಣು ಬಿಟ್ಟಾಗ ಬೆಳಗಿನ ಆಜಾನ್ ಆಗುತ್ತಿತ್ತು. ಕೆಂಡ ಮುಚ್ಚಿರಲಿಲ್ಲ. ಓಡಿ ಹೋಗಿ ಬರಿಗೈಯಿಂದಲೇ ಬೂದಿ ಕೆದಕಿದೆ. ಬೆಚ್ಚಗೂ ಇರಲಿಲ್ಲ.

ಪಕ್ಕದಲ್ಲಿ ಕರಿಬಸಮ್ಮನ ಒಲೆಯ ಹೊಗೆ ಕಾಣುತ್ತಿತ್ತು. ಹೋಗಿ ಕೇಳೋಣವೇ ಅನ್ನಿಸಿತು. ಶುಕ್ರವಾರ. ಮಂಗಳವಾರ, ಶುಕ್ರವಾರ ಅವರು ಒಲೆಯ ಬೆಂಕಿಯನ್ನು ಹೊಸಿಲು ದಾಟಿಸುವುದಿಲ್ಲ, ಶಿರಾ ಗೇಟಿಗೆಲ್ಲಾ ಗೊತ್ತು. ಶುಕ್ರವಾರವಲ್ಲದಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ. ಏನೆಂದು ಹೋಗಲಿ, ನಮ್ಮ ಬೆಂಕಿ ಆರಿಸಿಕೊಂಡೆ ಅಂತಲೇ?

ಕಡ್ಡಿ ಗೀರಿದೆ. ಮೂರು ಆರಿದವು. ನಾಲ್ಕನೆಯದು ಹತ್ತಿತು.

"ಇದೆಯಾ?" ಒಳಗಿನಿಂದ ಅಬ್ಬಾ.

"ಇದೆ ಅಬ್ಬಾ."

೧೧ ಡಿಸೆಂಬರ್

ಬೆಂಕಿ ಬೆಂಕಿಯೇ. ಬಣ್ಣ ಒಂದೇ, ಬಿಸಿ ಒಂದೇ. ನನಗೇನಾಗಿದೆ?

೧೭ ಡಿಸೆಂಬರ್, ಶುಕ್ರವಾರ

ಅಬ್ಬಾಗೆ ಎಡಗೈ ತಣ್ಣಗಾಗುತ್ತದೆ. ಬಾಂಡ್ಲಿಯಲ್ಲಿ ಎರಡು ಕೆಂಡ ಹಾಕಿ ಮಂಚದ ಹತ್ತಿರ ಇಟ್ಟೆ. ಕೈ ಕಾಸಿಕೊಳ್ಳುತ್ತಾ ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. "ಇದ್ದಿಲು ಹಸಿ ಇದೆ, ಅದಕ್ಕೇ ಹೊಗೆ" ಅಂದೆ, ಅವರು ಏನೂ ಕೇಳದೇ ಇದ್ದರೂ.

ಈಗ ಎರಡೆರಡು ಸಲ ಎದ್ದು ನೋಡುತ್ತಿದ್ದೇನೆ. ಹುಣಸೆ ಕೊರಡು ನಿಧಾನಕ್ಕೆ ಉರಿಯುತ್ತದೆಂದು ಜಟಕಾ ಅಂಜನಪ್ಪ ಹೇಳಿದ, ಅವನೇ ತಂದು ಹಾಕಿದ. ಊರಿನಲ್ಲಿ ಉಳಿದಿರುವ ನಾಲ್ಕು ಜಟಕಾದಲ್ಲಿ ಅವನದೊಂದು. "ದೊಡ್ಡೋರು ಎದ್ ಕೂತ್ಕಂಡ್ ಮ್ಯಾಲೆ ಲಾಳ ಕಟ್ಟಿಸ್ಕತೀನಿ ಬುಡಿ ಟೀಚರಮ್ಮ, ಕುದ್ರೆ ಕಾಯ್ತದೆ" ಅಂದ. ಅಬ್ಬಾ ಇನ್ನು ಏಳುವುದಿಲ್ಲ. ಅವನಿಗೂ ಗೊತ್ತಿದೆ.

೨ ಜನವರಿ ೧೯೮೩, ಭಾನುವಾರ

ಡಾಕ್ಟರು ಬಂದು ಹೋದರು. ಎದೆಯಲ್ಲಿ ಕಫ ಕಟ್ಟಿದೆ. ಹೆಚ್ಚು ದಿನ ಇಲ್ಲ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಅಬ್ಬಾ ಖುರ್ಷಿದ್‌ನ ಕೈ ಹಿಡಿದು, ನಾನು ಹೋದ ಮೇಲೆ ಬೆಂಕಿ ಯಾರದು ಎಂದು ಕೇಳಿದರು. ಇವನು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ತಲೆ ತಗ್ಗಿಸಿ "ನನ್ ಕೈಲಾಗಲ್ಲ ಅಬ್ಬಾ" ಅಂದ. ಕಣ್ಣಲ್ಲಿ ನೀರು ಬಂತು ಅವನಿಗೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ನನಗೆ ಗೌರವ ಬಂತು. ನನಗಿಂತ ವಾಸಿ.

ಆಮೇಲೆ ಅಬ್ಬಾ ನನ್ನ ಕಡೆ ನೋಡಿದರು. ಹೂಂ ಅನ್ನಬೇಕಿತ್ತು. ನನ್ನ ಬಾಯಿಗೆ ಬಂದದ್ದು "ಗಂಜಿ ಉಕ್ಕುತ್ತೆ, ಬಂದೆ" ಅಂತ. ಅಡುಗೆಮನೆಗೆ ಹೋಗಿ ನಿಂತೆ. ಇಲ್ಲದ ಬೆಂಕಿಯನ್ನು ಕಾಯುತ್ತೇನೆಂದು ಸಾಯುವ ಮನುಷ್ಯನಿಗೆ ಮಾತು ಕೊಡುವುದು ಹೇಗೆ? ಹೇಳಿಬಿಟ್ಟರೆ, ಅದೇ ಕೊರಗಿನಲ್ಲಿ ಹೋಗುತ್ತಾರೆ. ಹೇಳದಿದ್ದರೆ ಮೋಸ ಹೋಗಿ ಹೋಗುತ್ತಾರೆ.

೬ ಜನವರಿ, ಗುರುವಾರ

ಹೇಳಿದೆ.

ಸಂಜೆ ಬೂದಿ ಮುಚ್ಚಲು ಹೋದವಳು ಇಕ್ಕಳ ಹಿಡಿದುಕೊಂಡೇ ಒಳಗೆ ಬಂದೆ. "ಅಬ್ಬಾ, ಅದು ದಾದಾನ ಬೆಂಕಿ ಅಲ್ಲ. ಹೋದ ತಿಂಗಳು ನಾನು ಮಲಗಿಬಿಟ್ಟೆ, ಆರಿಹೋಯ್ತು. ಕಡ್ಡಿ ಗೀರಿ ಹಚ್ಚಿದ್ದು" ಅಂದೆ. ಒಂದೇ ಉಸಿರಿಗೆ. ಆಮೇಲೆ ನೆಲ ನೋಡುತ್ತಾ ನಿಂತೆ, ಪಾಠ ಒಪ್ಪಿಸದ ಹುಡುಗಿಯ ಹಾಗೆ.

ಏನೋ ಗೊರಗೊರ ಸದ್ದು. ಉಸಿರು ಸಿಕ್ಕಿಕೊಂಡಿತೆಂದು ಓಡಿ ಹೋದರೆ, ಅಬ್ಬಾ ನಗುತ್ತಿದ್ದಾರೆ! ಅರ್ಧ ಬಾಯಲ್ಲಿ.

ಹೇಳಲು ಒಂದು ಗಂಟೆ ಹಿಡಿಯಿತು. ಕೂಡಿಸಿ ಬರೆಯುತ್ತೇನೆ. ಮೂವತ್ತನಾಲ್ಕರಲ್ಲಿ, ದಾದಾ ತೀರಿಕೊಂಡು ಮೂರು ವರ್ಷಕ್ಕೆ, ಕುಣಿಗಲ್ ಬಿಟ್ಟು ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಹೊರಟರು. ಮಡಕೆಯಲ್ಲಿ ಕೆಂಡ. ಅಮ್ಮನ ಹೊಟ್ಟೆಯಲ್ಲಿ ನಾನು. ಹೆಬ್ಬೂರಿನ ಹತ್ತಿರ ಸುರಿಯಿತು ನೋಡಿ ಮಳೆ. ಅಮ್ಮನಿಗೆ ಕಂಬಳಿ ಹೊದಿಸುವುದೋ, ಮಡಕೆಗೆ ಹೊದಿಸುವುದೋ? ಅಮ್ಮನಿಗೆ ಹೊದಿಸಿದರು. ಶಿರಾ ಗೇಟಿಗೆ ಬಂದಾಗ ಮಡಕೆಯಲ್ಲಿ ಇದ್ದದ್ದು ಬೂದಿಯ ಕೆಸರು.

"ಶುಕ್ರವಾರ" ಅಂದರು ಅಬ್ಬಾ. ಕರಿಬಸಮ್ಮನ ಅತ್ತೆ ಹೊಂಬಾಳಮ್ಮ ಆಗ ಪಕ್ಕದ ಮನೆಯ ಯಜಮಾನಿ. ಗುರುತಿಲ್ಲದ ಸಾಬರು ಗಾಡಿಯಿಂದಿಳಿದು ಬೆಂಕಿ ಕೇಳಿದರೆ, "ಇವತ್ತು ಕೊಡಂಗಿಲ್ಲ ಹೋಗಪ್ಪ" ಅಂದಳಂತೆ. ಅಬ್ಬಾನ ಜೇಬಿನಲ್ಲಿ ಬೆಂಕಿಪೊಟ್ಟಣ ಇತ್ತು. ಗೀರಲಿಲ್ಲ. ಬಸುರಿ ಹೆಂಡತಿಯನ್ನು ಕೂರಿಸಿಕೊಂಡು ತಣ್ಣಗಿನ ಅಂಗಡಿಯಲ್ಲಿ ಶನಿವಾರದ ತನಕ ಕಾದರು. ಬೆಳಕು ಹರಿಯುವ ಮೊದಲೇ ಹೊಂಬಾಳಮ್ಮ ತಾನಾಗಿ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ತಂದು "ಬಸುರಿ ಹೆಂಗ್ಸು ಚಳೀಲಿ ಕೂತವ್ಳೆ, ತಗೋಪ್ಪ" ಅಂದಳಂತೆ.

ಅಂದರೆ ಅಷ್ಟು ವರ್ಷ ನಾವು ಐರ್ಲೆಂಡಿನದೆಂದು ಕಾದ ಬೆಂಕಿ ಪಕ್ಕದ ಮನೆಯ ಮುದ್ದೆ ಒಲೆಯದು!

"ಮತ್ತೆ ದಾದಾನ ದೇಶದ್ದು ಅಂತ ಯಾಕೆ ಸುಳ್ಳು ಹೇಳಿದ್ರಿ?" ಅಂದೆ. ಜೋರಾಗಿಯೇ ಕೇಳಿದೆ, ಸಿಟ್ಟು ಬಂದಿತ್ತು.

"ಸುಳ್ಳಲ್ಲ" ಅಂದರು. ದಾದಾನ ತಾಯಿಯ ಒಲೆಯೂ ಒಮ್ಮೆ ಆರಿತ್ತಂತೆ. ಹನ್ನೊಂದು ಮನೆಯ ಬೆಂಕಿಯೂ ಒಟ್ಟಿಗೆ. ಆಕೆ ಚಕಮಕಿ ಕುಟ್ಟಲಿಲ್ಲ. ಎರಡು ಮೈಲಿ ನಡೆದು ಮುಂದಿನ ಊರಿನಲ್ಲಿ ಹೊಗೆ ಕಂಡ ಮನೆಯ ಬಾಗಿಲು ತಟ್ಟಿ ಕೇಳಿ ತಂದಳು. ದಾದಾ ಕುಣಿಗಲ್ಲಿಗೆ ಬಂದ ದಿನ ಹಜರಾ ಬೀಯ ತಾಯಿಯ ಮನೆಯಲ್ಲಿ ಕೇಳಿದರು. "ಕೇಳಿ ತಂದದ್ದು ಆ ದೇಶದ ಬೆಂಕಿ. ಗೀರಿದ್ದು ಯಾರದೂ ಅಲ್ಲ."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಅಂದರು: "ಆರಿದ್ದು ತಪ್ಪಲ್ಲ ಬೇಟಿ. ನಿಂಗೆ ಕೇಳಕ್ಕೆ ಬರಲ್ಲ. ಚಿಕ್ಕಂದಿನಿಂದ."

ನೀರು ಹಾಕಿ ಆರಿಸು, ನಾಳೆ ಶುಕ್ರವಾರ, ಕೊಡಲ್ಲ, ಶನಿವಾರ ಹೋಗಿ ಕೇಳು ಅಂದರು. ಒಂದು ಚೊಂಬು ನೀರು ಸುರಿದೆ. ಹೊಗೆ ಕಣ್ಣಿಗೆ ಹೊಡೆಯಿತು. ಸಾಕಾಗಿದೆ ನನಗೆ. ನಿಜವಾಗಿ ಸಾಕಾಗಿದೆ.

೭ ಜನವರಿ, ಶುಕ್ರವಾರ

ಬೆಳಗ್ಗೆ ಅಬ್ಬಾನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಣ್ಣು ಮುಚ್ಚಿಯೇ "ಮನೆ ತಣ್ಣಗಿದೆ. ಹಡಗು ಬಂತಾ?" ಅಂದರು. ಹೆದರಿಬಿಟ್ಟೆ. ಶನಿವಾರದ ತನಕ ಕಾಯುವ ಹಾಗಿರಲಿಲ್ಲ. ಬೋಕಿ ಹಿಡಿದುಕೊಂಡು ಪಕ್ಕದ ಮನೆಯ ಹಿತ್ತಲ ಬಾಗಿಲಿಗೆ ಹೋದೆ.

ಕರಿಬಸಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಒಲೆ ಸಾರಿಸಿ ರಂಗೋಲಿ ಎಳೆದು ಬೆಂಕಿ ಹಾಕಿದ್ದರು. ನಾನು ಹೊಸಿಲಲ್ಲೇ ನಿಂತೆ. ಬೋಕಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಇಪ್ಪತ್ತೇಳು ವರ್ಷ ಪಾಠ ಹೇಳಿದವಳು ನಾನು!

"ಅಕ್ಕಾ, ಬೆಂಕಿ ಬೇಕು" ಅಂದೆ ಕೊನೆಗೆ.

"ಅಯ್ಯೋ ನಿನ್ ಮನೆ ಕಾಯ್ವೋಗ, ಇವತ್ ಶುಕ್ರವಾರ ಕಣೇ! ಬೆಂಕಿಪೊಟ್ಣ ಕೊಡ್ತೀನಿ ತಗೊಂಡೋಗು."

"ಅದು ಬೇಡ. ಒಲೇದೇ ಬೇಕು. ಅಬ್ಬಾ ಹೋಗ್ತಾ ಇದಾರೆ. ನಾನು ಆರಿಸ್ಬಿಟ್ಟೆ ಅಕ್ಕಾ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಬೇರೆಯವರ ಮನೆಯ ಹೊಸಿಲಲ್ಲಿ ನಿಂತು ಅತ್ತೆ. ಎಂಥ ಅವಮಾನ.

ಕರಿಬಸಮ್ಮ ಒಲೆ ನೋಡಿದರು, ನನ್ನನ್ನು ನೋಡಿದರು, ಗೋಡೆಯ ಮಾಡಿನಲ್ಲಿದ್ದ ಶಿವನ ಪಟ ನೋಡಿದರು. "ನಮ್ಮತ್ತೆ ಕಾಲದಿಂದ ಒಂದ್ ಶುಕ್ರವಾರನೂ ಕೊಟ್ಟಿಲ್ಲ ಕಣೇ. ನಾನು ಕೊಡಲ್ಲ" ಅಂದರು. ಆಮೇಲೆ ಸೆರಗು ಸರಿ ಮಾಡಿಕೊಂಡು, "ನಾನೀಗ ಆ ಕಡೆ ತಿರುಕ್ಕೊಂಡು ಸೊಪ್ಪು ಬಿಡಿಸ್ತೀನಿ. ಹಿಂದ್ಗಡೆ ಕಳ್ರು ಬಂದ್ರೆ ನಂಗೇನ್ ಗೊತ್ತು? ಶಿವನಿಗೂ ಅದ್ನೇ ಹೇಳ್ತೀನಿ" ಅಂತ ಬೆನ್ನು ತಿರುಗಿಸಿ ಕೂತರು.

ಮೂರು ಕೆಂಡ ಎತ್ತಿಕೊಂಡೆ. ಹೊಸಿಲು ದಾಟುವಾಗ ಬೆನ್ನ ಹಿಂದಿನಿಂದ "ಇಕ್ಕಳದಾಗೆ ಹಿಡ್ಕಳೇ, ಕೈ ಸುಟ್ಕಂಡೀಯ" ಅಂತ ಕೇಳಿಸಿತು.

ಬೋಕಿಯನ್ನು ಮೊದಲು ಅಬ್ಬಾನ ಮಂಚಕ್ಕೆ ತಂದೆ. ಕಣ್ಣು ಬಿಟ್ಟರು.

"ಕೇಳಿದ್ಯಾ?"

"ಕೇಳಿದೆ."

"ಕೊಟ್ಳಾ?"

"ಇಲ್ಲ ಅಬ್ಬಾ. ಕದ್ದೆ."

ಮತ್ತೆ ಆ ಗೊರಗೊರ ನಗು. ಆಮೇಲೆ ಎರಡು ಚಮಚ ಗಂಜಿ ಕುಡಿದು ಮಲಗಿದರು. ಶಾಲೆಗೆ ಹೋಗಲಿಲ್ಲ. ಅಂಗಡಿ ಬೀದಿಯ ಫೋನಿನಿಂದ ಸದಾಶಿವಯ್ಯನವರಿಗೆ ಹೇಳಿ ಹದಿನೈದು ದಿನ ರಜೆ ಕೇಳಿದೆ. "ಇಷ್ಟೇ ಸಾಕಾ?" ಅಂದರು.

೧೪ ಜನವರಿ, ಶುಕ್ರವಾರ

ಸಂಕ್ರಾಂತಿ. ಕರಿಬಸಮ್ಮ ಎಳ್ಳು ಬೆಲ್ಲ ತಂದರು. ಅಬ್ಬಾನ ನಾಲಗೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟೆ. ಕರಗುವ ತನಕ ಕಣ್ಣು ಮುಚ್ಚಿಕೊಂಡಿದ್ದರು. ಖುರ್ಷಿದ್‌ಗೆ ಬಾ ಎಂದು ಹೇಳಿ ಕಳಿಸಿದ್ದೆ. ರಾತ್ರಿಯ ಸರದಿ ಅವನದು. ನಾನು ಆರು ಗಂಟೆ ನಿದ್ದೆ ಮಾಡಿದೆ.

೧೬ ಜನವರಿ, ಭಾನುವಾರ

ಬೆಳಗ್ಗೆ ಒಂಬತ್ತೂವರೆಗೆ ಅಬ್ಬಾ ಹೋದರು. ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅವರ ಬಲಗೈ ನನ್ನ ಕೈಯಲ್ಲಿತ್ತು.

ದಾದಾ ಮತ್ತು ದಾದಿ ಹಜರಾ ಬೀಯ ಪಕ್ಕದಲ್ಲಿ ಮಣ್ಣು ಮಾಡಲು ಖುರ್ಷಿದ್ ವ್ಯಾನಿನಲ್ಲಿ ಕುಣಿಗಲ್‌ಗೆ ಕರೆದುಕೊಂಡು ಹೋದ. ನಲವತ್ತೆಂಟು ವರ್ಷದ ಹಿಂದೆ ಬಂದ ದಾರಿಯಲ್ಲೇ, ಹೆಬ್ಬೂರಿನ ಮೇಲೆಯೇ. ಹೆಂಗಸರು ಹೋಗುವ ಹಾಗಿಲ್ಲ. ಅಂಜನಪ್ಪ ಜಟಕಾ ಹೂಡಿಕೊಂಡು ವ್ಯಾನಿನ ಹಿಂದೆ ಊರ ಗಡಿಯ ತನಕ ಹೋಗಿ ಬಂದನಂತೆ.

ಸತ್ತ ಮನೆಯಲ್ಲಿ ಮೂರು ದಿನ ಬೆಂಕಿ ಹಚ್ಚಬಾರದು. ಕುಲುಮೆಯ ಕೆಂಡವನ್ನೆಲ್ಲಾ ಬೋಕಿಗೆ ತುಂಬಿಕೊಂಡು ಪಕ್ಕದ ಮನೆಗೆ ಹೋದೆ. ಕರಿಬಸಮ್ಮ ಏನೂ ಕೇಳದೆ ಒಲೆಯ ಸೌದೆ ಸರಿಸಿ ಜಾಗ ಮಾಡಿದರು. "ನಾಲ್ಕನೇ ದಿನ ಬಂದು ಕೇಳ್ತೀನಿ ಅಕ್ಕಾ" ಅಂದೆ.

"ಕೇಳು. ಎಲ್ಲೂ ಹೋಗಲ್ಲ ಅದು" ಅಂದರು.

೨೦ ಜನವರಿ

ಕೇಳಿದೆ. ಕೊಟ್ಟರು.

ಊಟ ಬರುತ್ತಿದೆ ಅವರ ಮನೆಯಿಂದಲೇ. ಮುದ್ದೆ, ಅವರೆಕಾಳು ಸಾರು. ತಿನ್ನಲು ಆಗುತ್ತಿಲ್ಲ. ಅಬ್ಬಾನ ಮಂಚದ ಹತ್ತಿರ ಹೋದಾಗಲೆಲ್ಲಾ ದಿಂಬು ಸರಿಮಾಡಲು ಕೈ ಹೋಗುತ್ತದೆ.

೩೦ ಜನವರಿ, ಭಾನುವಾರ

ಖುರ್ಷಿದ್ ಟೈರಿನವರನ್ನು ಕರೆದುಕೊಂಡು ಬಂದಿದ್ದ. ಅವರು ಟೇಪು ಹಿಡಿದು ಅಳೆಯುತ್ತಿದ್ದರು. ಅವನನ್ನು ಪಕ್ಕಕ್ಕೆ ಕರೆದೆ. "ಅಂಗಡಿ ಕೊಡು. ಕುಲುಮೆ ಇರೋ ಮೂಲೆ ನಂಗೆ ಬಿಡು. ನಂಗೆ ಬೇಕು. ಆಮೇಲೆ, ತಿಂಗಳಿಗೆ ಎರಡು ಭಾನುವಾರ ನೀನು ಬಾ. ಒಬ್ಬಳಿಗೇ ಆಗಲ್ಲ."

ನನ್ನ ಮುಖವನ್ನೇ ನೋಡಿದ. "ಆಪಾ, ಹುಷಾರಾಗಿದೀಯ ತಾನೆ?" ಅಂದ. ನಂತರ ಟೈರಿನವರಿಗೆ, ಆ ಮೂಲೆ ಬಿಟ್ಟು ಅಳೀರಿ ಅಂದ.

ಗುಬ್ಬಿಯ ರೂಮಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸಿನ ಓಡಾಟ ಏನೂ ಹೊಸದಲ್ಲ.

೪ ಫೆಬ್ರವರಿ, ಶುಕ್ರವಾರ

ಬೆಳಗ್ಗೆ ಬೂದಿ ಕೆದಕುತ್ತಿದ್ದೆ, ಬಾಗಿಲು ಸದ್ದಾಯಿತು. ಕರಿಬಸಮ್ಮ. ಸೆರಗಿನಡಿಯಲ್ಲಿ ಏನೋ ಮುಚ್ಚಿ ಹಿಡಿದಿದ್ದರು. ನೋಡಿದರೆ ಬೋಕಿ.

ಮಗಳ ಮನೆಗೆಂದು ಕೋರಕ್ಕೆ ಹೋಗಿ ಎರಡು ದಿನ ಇದ್ದು ನಿನ್ನೆ ಕತ್ತಲಾದ ಮೇಲೆ ಬಂದರಂತೆ. ಒಲೆ ತಣ್ಣಗಿದೆ. ಗಾಡಿಯವರು ಬರುವ ಹೊತ್ತು.

"ಬೆಂಕಿಪೊಟ್ಣ ಇಲ್ವಾ ಅಕ್ಕಾ?"

"ಐತೆ. ಕೈಯಾಗೆ ಹಿಡ್ಕಂಡೆ ಕಣೇ, ಗೀರಕ್ಕೆ ಮನ್ಸು ಬರ್ಲಿಲ್ಲ. ನಮ್ಮತ್ತೆ ಕಾಲದ್ ಒಲೆ." ಹೊಸಿಲ ಆಚೆಯೇ ನಿಂತಿದ್ದರು, ನಾನು ಅವತ್ತು ನಿಂತ ಹಾಗೆಯೇ. "ಇವತ್ ಶುಕ್ರವಾರ ಬೇರೆ. ಕೊಡ್ತಿಯೋ, ಇಲ್ಲ ನೀನೂ ಆ ಕಡೆ ತಿರುಕ್ಕೊಂಡು ಸೊಪ್ಪು ಬಿಡಿಸ್ತೀಯೋ?"

"ಒಳಗೆ ಬನ್ನಿ" ಅಂದೆ. "ನಮ್ಮ ದೇಶದಲ್ಲಿ ಶುಕ್ರವಾರನೂ ಕೊಡ್ತೀವಿ."

ಇಕ್ಕಳದಿಂದ ದಪ್ಪ ದಪ್ಪನೆಯ ನಾಲ್ಕು ಕೆಂಡ ಆಯ್ದು ಅವರ ಬೋಕಿಗೆ ಹಾಕಿದೆ. ಅವರು ಊದುತ್ತಾ ಹೋದರು. ಏಳರ ಬಸ್ಸು ತಪ್ಪಿತು, ಎಂಟರದ್ದಕ್ಕೆ ಹೋದೆ.